ಸೈಕೋಸಿಸ್‌ನೊಂದಿಗೆ ಬದುಕುವವರ ನೆಮ್ಮದಿಗಾಗಿ ಮಾತಿನ ಚಿಕಿತ್ಸೆ: ಗುಂಪು ನಡೆಸುವವರಿಗೆ ಕೈಪಿಡಿ

ಸೈಕೋಸಿಸ್‌ನೊಂದಿಗೆ (ಇಲ್ಲದ ಧ್ವನಿ ಕೇಳಿಸುವ, ಆಧಾರವಿಲ್ಲದ ಸಂಶಯ ಗಟ್ಟಿಯಾಗುವ ಮಾನಸಿಕ ಸ್ಥಿತಿಯೊಂದಿಗೆ) ಬದುಕುತ್ತಿರುವ ವ್ಯಕ್ತಿಗೆ ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕಿವಿಯಲ್ಲಿ ಮಾತು ಕೇಳಿಸುವುದು ಕಡಿಮೆಯಾಯಿತೇ, ಯಾರ ಮೇಲಾದರೂ ಸಂಶಯ ಬರುತ್ತಿದೆಯೇ, ರಾತ್ರಿ ನಿದ್ದೆ ಬಂತೇ, ಮಾತ್ರೆ ತೆಗೆದುಕೊಂಡಿರಾ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ವರ್ಷಗಟ್ಟಲೆ ಇಷ್ಟನ್ನೇ ಕೇಳಿಸಿಕೊಂಡವರು, ತಮ್ಮ ಬಗ್ಗೆ ಹೇಳಿಕೊಳ್ಳಲು ಕಾಯಿಲೆಯ ಹೊರತು ಬೇರೇನೂ ಉಳಿದಿಲ್ಲವೆಂದು ನಂಬಿಬಿಡುತ್ತಾರೆ. ಲಕ್ಷಣಗಳೆಲ್ಲ ಮಾಯವಾದ ಮೇಲೆ ನೆಮ್ಮದಿಯ ವಿಚಾರ ನೋಡಿಕೊಳ್ಳೋಣ ಎಂದು ಮುಂದೂಡುವುದು ಸರಿಯಲ್ಲ ಎಂಬುದು ಈ ಬರಹದ ನಿಲುವು. ಔಷಧಿಯನ್ನು ತಪ್ಪದೆ ತೆಗೆದುಕೊಂಡರೂ ಎಷ್ಟೋ ಜನರಿಗೆ ಧ್ವನಿಗಳು ಪೂರ್ತಿ ನಿಲ್ಲುವುದಿಲ್ಲ. ಅವು ನಿಲ್ಲಲೆಂದು ಕಾಯುತ್ತ ಕೂತರೆ ಒಳ್ಳೆಯ ವಯಸ್ಸೆಲ್ಲ ಕಳೆದುಹೋಗುತ್ತದೆ.

ಡೇ ಕೇರ್ ಕೇಂದ್ರಗಳಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಕೆಲಸ ಮಾಡುವ ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಮತ್ತು ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಮನೆಯವರು ಓದಿದರೂ ಅವರಿಗೆ ಬೇಕಾದ ಭಾಗಗಳು ಇದರಲ್ಲಿ ಇವೆ.

ಈ ಚಿಕಿತ್ಸೆ ಎಲ್ಲಿಂದ ಬಂತು

ಅಮೆರಿಕದಲ್ಲಿ ಖಿನ್ನತೆಗೆಂದು ರೂಪುಗೊಂಡ ಸಕಾರಾತ್ಮಕ ಮನೋಚಿಕಿತ್ಸೆಯನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡವೊಂದು ಸೈಕೋಸಿಸ್ ಇರುವವರಿಗೆ ಹೊಂದುವಂತೆ ಮಾರ್ಪಡಿಸಿತು. ವೆಲ್‌ಫೋಕಸ್ ಎಂದು ಹೆಸರಾದ ಆ ಕ್ರಮದಲ್ಲಿ ವಾರಕ್ಕೊಂದರಂತೆ 11 ವಾರಗಳ ಗುಂಪು ಸೆಷನ್‌ಗಳಿರುತ್ತವೆ. ಅದರ ಗುರಿಗಳು ನಾಲ್ಕು: ಹಿತವಾದ ಅನುಭವಗಳನ್ನು ಹೆಚ್ಚಿಸುವುದು, ವ್ಯಕ್ತಿಯಲ್ಲಿ ಇರುವ ಸಾಮರ್ಥ್ಯವನ್ನು ಬಳಕೆಗೆ ತರುವುದು, ಸಂಬಂಧಗಳನ್ನು ಗಟ್ಟಿ ಮಾಡುವುದು, ತನ್ನ ಬಾಳಿನ ಕಥೆಯನ್ನು ಕಾಯಿಲೆಯೊಂದರಿಂದಲೇ ಹೇಳದೆ ಇನ್ನಷ್ಟು ಅರ್ಥ ಬರುವಂತೆ ಹೇಳಿಕೊಳ್ಳುವುದು.

2016ರಲ್ಲಿ ಪ್ರಕಟವಾದ ಇದರ ಪ್ರಯೋಗದಲ್ಲಿ 94 ಮಂದಿ ಭಾಗವಹಿಸಿದ್ದರು. ನೆಮ್ಮದಿಯನ್ನು ಅಳೆಯಲೆಂದು ಆರಿಸಿಕೊಂಡಿದ್ದ ಮುಖ್ಯ ಮಾಪಕದಲ್ಲಿ, ಈ ಚಿಕಿತ್ಸೆ ಪಡೆದವರಿಗೂ ಎಂದಿನ ಚಿಕಿತ್ಸೆಯಲ್ಲಷ್ಟೇ ಇದ್ದವರಿಗೂ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆ ಮತ್ತು ಕಾಯಿಲೆಯ ಲಕ್ಷಣಗಳು ಮಾತ್ರ ಚಿಕಿತ್ಸೆ ಪಡೆದವರಲ್ಲಿ ತಗ್ಗಿದ್ದವು. ಗುಂಪು ಆರಂಭಿಸುವ ಮೊದಲು ಈ ಫಲಿತಾಂಶವನ್ನು ನಾವು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು, ಏಕೆಂದರೆ ಹತ್ತಾರು ಕಡೆ ಓಡಾಡಿ ದಣಿದಿರುವ ಕುಟುಂಬಕ್ಕೆ ‘ಇದರಿಂದ ಎಲ್ಲ ಸರಿಹೋಗುತ್ತದೆ’ ಎಂಬ ಭರವಸೆ ಕೊಡುವುದು ಅನ್ಯಾಯ. ಮನಸ್ಸಿನ ಭಾರ ಸ್ವಲ್ಪ ಇಳಿಯುವ ಸಾಧ್ಯತೆ ಇದೆ, ಔಷಧಿಯ ಜೊತೆಗೆ ನಡೆಯಬೇಕಾದ ಕೆಲಸ ಇದು, ಔಷಧಿಯ ಬದಲಿಗೆ ಅಲ್ಲ ಎಂದು ಮೊದಲ ದಿನವೇ ಹೇಳಿ. ಸಂಶಯ ಮತ್ತು ಧ್ವನಿಗಳನ್ನೇ ನೇರವಾಗಿ ಎತ್ತಿಕೊಳ್ಳುವ ಸಿಬಿಟಿ, ಅಂದರೆ ಅರಿವು-ವರ್ತನೆ ಚಿಕಿತ್ಸೆಯ ಸ್ಥಾನವನ್ನೂ ಇದು ತುಂಬುವುದಿಲ್ಲ.

ಯಾರನ್ನು ಸೇರಿಸಿಕೊಳ್ಳಬೇಕು, ಹೇಗೆ ಕೂರಿಸಬೇಕು

ಕಾಯಿಲೆ ತೀವ್ರವಾಗಿರುವಾಗ, ಅಂದರೆ ರಾತ್ರಿಯಿಡೀ ನಿದ್ದೆಯಿಲ್ಲದೆ ಓಡಾಡುವ, ಊಟದಲ್ಲಿ ವಿಷವಿದೆ ಎಂದು ತಟ್ಟೆ ತಳ್ಳುವ ಹಂತದಲ್ಲಿ, ಈ ಕೆಲಸ ಬೇಡ. ಆಗ ಬೇಕಾದದ್ದು ಮನೋವೈದ್ಯರ ಚಿಕಿತ್ಸೆ ಮತ್ತು ಸುರಕ್ಷತೆ. ತೀವ್ರತೆ ಇಳಿದು, ಅರ್ಧ ಗಂಟೆ ಒಂದೆಡೆ ಕೂರಬಲ್ಲವರಾದ ಮೇಲೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತಿಳಿಸಿ ಆರಂಭಿಸಬಹುದು. ಧ್ವನಿಗಳು ಇನ್ನೂ ಇವೆ ಎಂಬುದು ಯಾರನ್ನೂ ಹೊರಗಿಡಲು ಕಾರಣವಾಗಬಾರದು.

ಗುಂಪಿನಲ್ಲಿ ಆರರಿಂದ ಎಂಟು ಜನ ಸಾಕು. ನಡೆಸುವವರು ಇಬ್ಬರಿರುವುದು ಒಳ್ಳೆಯದು. ಯಾರಾದರೂ ನಡುವೆ ಎದ್ದು ಹೊರಗೆ ಹೋದರೆ ಒಬ್ಬರು ಅವರ ಜೊತೆ ಹೋಗಬಹುದು, ಇನ್ನೊಬ್ಬರು ಗುಂಪನ್ನು ಮುಂದುವರಿಸಬಹುದು. ಸಮಯ ಗೊತ್ತುಮಾಡುವಾಗ ಮಾತ್ರೆಯ ಮಂಪರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ಕ್ಲೋಜಪಿನ್ ಅಥವಾ ಓಲಾಂಜಪಿನ್ ತೆಗೆದುಕೊಳ್ಳುವವರಿಗೆ ಬೆಳಗಿನ ಒಂಬತ್ತು ಗಂಟೆ ಇನ್ನೂ ನಡುರಾತ್ರಿಯ ಹಾಗೆಯೇ ಇರುತ್ತದೆ. ಹನ್ನೊಂದರ ನಂತರ ಅಥವಾ ಮಧ್ಯಾಹ್ನದ ಊಟಕ್ಕೆ ಮೊದಲಿನ ಹೊತ್ತು ಹೊಂದುತ್ತದೆ. ಔಷಧಿಯಿಂದ ಕಾಲು ತಡೆಯದೆ ಓಡಾಡಬೇಕೆನಿಸುವವರೂ ಇರುತ್ತಾರೆ. ಎದ್ದು ನಡೆದಾಡಿ ಮತ್ತೆ ಬಂದು ಕೂರಬಹುದು, ಅದಕ್ಕೆ ಅಪ್ಪಣೆ ಕೇಳಬೇಕಿಲ್ಲ ಎಂದು ಎಲ್ಲರಿಗೂ ಮೊದಲೇ ಹೇಳಿಬಿಡಿ, ಹಾಗೆಯೇ ಆ ತಳಮಳವನ್ನು ಅವರ ವೈದ್ಯರ ಗಮನಕ್ಕೂ ತನ್ನಿ. ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದರೂ ಪರಸ್ಪರ ತಾಗದಷ್ಟು ಅಂತರವಿರಲಿ, ಬಾಗಿಲು ಎಲ್ಲರಿಗೂ ಕಾಣುವಂತಿರಲಿ. ಯಾರ ಫೋನ್‌ನಲ್ಲಿಯೂ ರೆಕಾರ್ಡಿಂಗ್ ಬೇಡ. ತನ್ನ ಮಾತನ್ನು ಯಾರೋ ಕದ್ದು ಕೇಳುತ್ತಿದ್ದಾರೆ ಎಂಬ ಭಯವಿರುವವರ ಮುಂದೆ ಮೇಜಿನ ಮೇಲೆ ಫೋನ್ ಇಡುವುದೇ ಅವರ ಬಾಯಿ ಕಟ್ಟಿಸಲು ಸಾಕು.

ಧ್ವನಿ ಅಥವಾ ಸಂಶಯದ ಮಾತು ಬಂದರೆ ವಾದಕ್ಕಿಳಿಯಬೇಡಿ, ಒಪ್ಪಿಕೊಂಡು ತಲೆಯಾಡಿಸಲೂ ಬೇಡಿ. ‘ಅದು ನಿಮಗೆ ತುಂಬ ಹಿಂಸೆ ಕೊಡುತ್ತಿರಬೇಕು. ಅದರ ಬಗ್ಗೆ ಸೆಷನ್ ಮುಗಿದ ಮೇಲೆ ನಾವಿಬ್ಬರೇ ಕೂತು ಮಾತಾಡೋಣ, ಆಗಬಹುದಾ?’ ಎಂದು ಕೇಳಿ, ಸೆಷನ್ ಮುಗಿದ ಮೇಲೆ ಖಂಡಿತ ಕೂತು ಮಾತಾಡಿ. ಆ ಮಾತನ್ನು ಉಳಿಸಿಕೊಳ್ಳದಿದ್ದರೆ ಮುಂದಿನ ವಾರ ಅವರು ಬರುವುದಿಲ್ಲ.

ನಡೆಸುವವರೂ ಪ್ರತಿ ಅಭ್ಯಾಸವನ್ನು ಗುಂಪಿನೊಂದಿಗೇ ಮಾಡಬೇಕು ಎಂಬುದು ಈ ಕ್ರಮದ ಮುಖ್ಯ ಅಂಶ. ತಮ್ಮ ಸಂಸಾರದ ಸಂಕಟವನ್ನು ಅಲ್ಲಿ ತೋಡಿಕೊಳ್ಳಬೇಕೆಂದು ಇದರ ಅರ್ಥವಲ್ಲ. ‘ಈ ವಾರ ನನಗೆ ಹಿತವೆನಿಸಿದ್ದು ಏನೆಂದರೆ’ ಎಂದು ತಾವೂ ಒಂದು ಸಣ್ಣ ಸಂಗತಿ ಹೇಳಿದರೆ ಸಾಕು. ಮೇಜಿನ ಆ ಬದಿಯಲ್ಲಿ ಕೂತು ಪ್ರಶ್ನೆ ಕೇಳುವವರನ್ನು ಮಾತ್ರ ಕಂಡವರಿಗೆ ಇದು ದೊಡ್ಡ ಬದಲಾವಣೆ.

ಸವಿಯುವ ಅಭ್ಯಾಸ

ಸೈಕೋಸಿಸ್ ಕಾಣಿಸಿಕೊಳ್ಳುವ ಮುಖ್ಯ ಕಾಯಿಲೆಗಳಲ್ಲೊಂದಾದ ಸ್ಕಿಜೋಫ್ರೇನಿಯಾ ಇರುವವರಿಗೆ ಸಂತೋಷವನ್ನು ಅನುಭವಿಸುವ ಶಕ್ತಿಯೇ ಬತ್ತಿಹೋಗಿರುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಹಲವು ಅಧ್ಯಯನಗಳು ತೋರಿಸಿಕೊಟ್ಟಂತೆ, ಸಿಹಿಯೊಂದು ಬಾಯಿಗೆ ಬಿದ್ದ ಆ ಗಳಿಗೆಯ ಸುಖ ಅವರಲ್ಲಿ ಬಹುಮಟ್ಟಿಗೆ ಉಳಿದಿರುತ್ತದೆ. ಕುಂದಿರುವುದು ಮುಂದೆ ಬರಲಿರುವ ಸುಖವನ್ನು ಮೊದಲೇ ಕಲ್ಪಿಸಿಕೊಂಡು ಅದರ ಕಡೆಗೆ ಹೆಜ್ಜೆಯಿಡುವ ಹುಮ್ಮಸ್ಸು. ಗುಂಪು ನಡೆಸುವವರು ತಿಳಿದಿರಬೇಕಾದ ಅತ್ಯಂತ ಉಪಯುಕ್ತ ಸಂಗತಿ ಇದೇ ಎಂದು ನನಗೆ ಅನಿಸುತ್ತದೆ. ‘ನಿಮಗೆ ಏನು ಇಷ್ಟ? ಹೋಗಿ ಮಾಡಿ’ ಎಂದರೆ ‘ಏನೂ ಬೇಡ’ ಎಂಬ ಉತ್ತರ ಏಕೆ ಬರುತ್ತದೆಂಬುದು ಇದರಿಂದ ಅರ್ಥವಾಗುತ್ತದೆ. ಅದು ಸೋಮಾರಿತನವಲ್ಲ. ಹಾಗಾಗಿ ಇಷ್ಟದ ವಸ್ತುವನ್ನು ಕೈಗೇ ಕೊಟ್ಟು ಆರಂಭಿಸಬೇಕು.

ಕಿತ್ತಳೆ ಹಣ್ಣು ಇದಕ್ಕೆ ತುಂಬ ಚೆನ್ನಾಗಿ ಒದಗುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಇಡೀ ಹಣ್ಣು ಕೊಡಿ, ಸುಲಿದದ್ದು ಬೇಡ. ಮೊದಲು ಅಂಗೈಯಲ್ಲಿಟ್ಟು ಅದರ ತೂಕ, ತಂಪು, ಸಿಪ್ಪೆಯ ಮೇಲಿನ ಸಣ್ಣ ಗುಳಿಗಳನ್ನು ನೋಡಲು ಹೇಳಿ. ನಂತರ ತೊಟ್ಟಿನ ಕಡೆಯಿಂದ ಉಗುರು ಊರಿ ಸಿಪ್ಪೆ ಬಿಡಿಸುವಾಗ ಚಿಮ್ಮುವ ಹನಿಯನ್ನು, ಆ ಕ್ಷಣ ಮೂಗಿಗೆ ಅಡರುವ ವಾಸನೆಯನ್ನು ಗಮನಿಸಲಿ. ಒಂದೇ ಒಂದು ತೊಳೆಯನ್ನು ಬಾಯಲ್ಲಿಟ್ಟು, ಅಗಿಯುವ ಮೊದಲು ಸ್ವಲ್ಪ ತಡೆದು, ರಸ ಬಿಡುವಾಗ ನಾಲಿಗೆಯ ಯಾವ ಭಾಗಕ್ಕೆ ಸಿಹಿ, ಎಲ್ಲಿ ಹುಳಿ ಎಂದು ನೋಡಿಕೊಳ್ಳಲಿ. ಇಡೀ ಅಭ್ಯಾಸಕ್ಕೆ ಐದಾರು ನಿಮಿಷ ಸಾಕು. ಕಣ್ಣು ಮುಚ್ಚಿ ಎಂದು ಮಾತ್ರ ಹೇಳಬೇಡಿ: ಕಣ್ಣು ಮುಚ್ಚಿದೊಡನೆ ಕೆಲವರಿಗೆ ಧ್ವನಿಗಳು ಜೋರಾಗುತ್ತವೆ, ಇನ್ನು ಕೆಲವರಿಗೆ ಹಿಂದೆ ಯಾರೋ ನಿಂತಂತೆ ಭಯವಾಗುತ್ತದೆ. ನೋಟವನ್ನು ಹಣ್ಣಿನ ಮೇಲಿಟ್ಟರೆ ಸಾಕು. ದೀರ್ಘವಾಗಿ ಮೌನ ಬೇಡ, ನಿಮ್ಮ ಧ್ವನಿ ಮೆಲ್ಲಗೆ ಅವರ ಜೊತೆಗಿರಲಿ.

ಆಹಾರದ ವಿಷಯದಲ್ಲಿ ಭಯ ಉಳಿದಿರುವವರಿಗೆ ಹಣ್ಣನ್ನು ಬುಟ್ಟಿಯಿಂದ ತಾವೇ ಆರಿಸಿಕೊಳ್ಳಲು ಬಿಡಿ, ತಿನ್ನದೆ ಬರಿದೇ ಮೂಸಿ ನೋಡಿದರೂ ನಡೆಯುತ್ತದೆ. ಔಷಧಿಯಿಂದ ತೂಕ ಏರಿದವರು, ಸಕ್ಕರೆ ಕಾಯಿಲೆ ಬಂದವರು ಗುಂಪಿನಲ್ಲಿ ಸಾಮಾನ್ಯವಾಗಿ ಇರುವುದರಿಂದ ಪ್ರತಿ ವಾರ ಸಿಹಿ ತರಿಸುವ ರೂಢಿ ಬೇಡ. ಹಳೆಯ ಭಾವಗೀತೆ, ದವನದ ಎಸಳು, ಬಿಸಿಲು ಬೀಳುವ ಕಟ್ಟೆಯ ಮೇಲೆ ಎರಡು ನಿಮಿಷ ಕೂರುವುದು, ಇವೂ ಆಗುತ್ತವೆ. ಪ್ರತಿ ಸೆಷನ್ನಿನ ಆರಂಭಕ್ಕೂ ಕೊನೆಗೂ ಇಂಥ ಒಂದು ಸಣ್ಣ ಅಭ್ಯಾಸವಿರಲಿ.

ಒಳ್ಳೆಯದಾದದ್ದನ್ನು ಗುರುತಿಸುವುದು

ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡುವುದು ಮೂಲ ಅಭ್ಯಾಸ. ನಮ್ಮ ಗುಂಪುಗಳಿಗೆ ಮೂರು ಹೆಚ್ಚಾಯಿತು, ಒಂದು ಸಾಕು. ಅನೇಕರು ಬರೆಯುವುದನ್ನು ಬಿಟ್ಟು ವರ್ಷಗಳಾಗಿರುತ್ತವೆ, ಮಾತ್ರೆಯಿಂದ ಕೈ ನಡುಗುವವರಿರುತ್ತಾರೆ. ಹಾಗಿದ್ದಾಗ ಕ್ಯಾಲೆಂಡರಿನ ಚೌಕದಲ್ಲಿ ಒಂದು ಪದ ಬರೆಯಬಹುದು, ಗುರುತು ಹಾಕಬಹುದು, ಮನೆಯಲ್ಲಿ ಒಬ್ಬರಿಗೆ ಬಾಯಿಮಾತಿನಲ್ಲಿ ಹೇಳಬಹುದು. ‘ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು’ ಎಂಬಷ್ಟು ಸಣ್ಣದಾದರೂ ಸರಿ ಎಂಬುದನ್ನು ನಿಮ್ಮ ಉದಾಹರಣೆಯಿಂದಲೇ ತೋರಿಸಿಕೊಡಿ. ‘ಏನೂ ಒಳ್ಳೆಯದಾಗಲಿಲ್ಲ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಗೌರವದಿಂದ ಸ್ವೀಕರಿಸಿ. ಬಲವಂತವಾಗಿ ಖುಷಿ ಹುಡುಕಿಸುವುದು ಅವರ ನೋವನ್ನು ತಳ್ಳಿಹಾಕಿದಂತೆ. ‘ಹಾಗಾದರೆ ಈ ವಾರದಲ್ಲಿ ಕಷ್ಟ ಸ್ವಲ್ಪ ಕಡಿಮೆ ಅನ್ನಿಸಿದ ಹೊತ್ತು ಯಾವುದು?’ ಎಂದು ಕೇಳಿದರೆ ಸಾಮಾನ್ಯವಾಗಿ ಏನಾದರೊಂದು ಸಿಗುತ್ತದೆ.

ಒಂದು ಸೆಷನ್ನಿನಿಂದ ಇನ್ನೊಂದಕ್ಕೆ ಏಳು ದಿನಗಳ ಅಂತರದಲ್ಲಿ ಮನೆಯ ಅಭ್ಯಾಸ ಮರೆತುಹೋಗುವುದು ಸಹಜ. ಗಮನ ಮತ್ತು ನೆನಪಿನ ತೊಂದರೆ ಈ ಕಾಯಿಲೆಯ ಭಾಗವೇ ಆಗಿದೆ. ನಡುವೆ ಒಮ್ಮೆ ಫೋನ್ ಮಾಡಿ, ಎರಡೇ ನಿಮಿಷ, ಅಭ್ಯಾಸ ಯಾವುದೆಂದು ನೆನಪಿಸಿ. ‘ಮಾಡಿದಿರಾ?’ ಎಂಬ ಪ್ರಶ್ನೆ ಶಾಲೆಯ ಹೋಮ್‌ವರ್ಕ್ ಆಗಿಬಿಡುತ್ತದೆ. ‘ಹೇಗಿದ್ದೀರಿ, ಗುರುವಾರ ಬರ್ತೀರಲ್ಲ?’ ಎಂದು ಆರಂಭಿಸುವುದು ಮೇಲು.

ಸಾಮರ್ಥ್ಯದ ವಿಚಾರಕ್ಕೆ ಎರಡು ಸೆಷನ್ ಸಾಕು. ‘ನಿಮ್ಮಲ್ಲಿರುವ ಒಳ್ಳೆಯ ಗುಣ ಯಾವುದು’ ಎಂದು ನೇರವಾಗಿ ಕೇಳಿದರೆ ತಲೆ ತಗ್ಗಿಸುತ್ತಾರೆ. ‘ಮನೆಯಲ್ಲಿ ಯಾವ ಕೆಲಸಕ್ಕೆ ನಿಮ್ಮನ್ನೇ ಕರೆಯುತ್ತಿದ್ದರು?’ ಎಂದು ಕೇಳಿ. ರವಿಕೆ ಹೊಲಿಯುವುದು, ಲೆಕ್ಕ ಬರೆಯುವುದು, ಹಸು ಕಾಯುವುದು, ಜಗಳವಾಡುವ ತಮ್ಮಂದಿರನ್ನು ಸಮಾಧಾನಪಡಿಸುವುದು ಹೀಗೆ ಒಂದೊಂದಾಗಿ ಹೊರಗೆ ಬರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ ಆ ವಾರದೊಳಗೆ ಮಾಡಬಹುದಾದಷ್ಟು ಚಿಕ್ಕ ಕೆಲಸವಾಗಿ ಇಳಿಸಿ: ಹೊಲಿಯುತ್ತಿದ್ದವರು ಒಂದು ಗುಂಡಿ ಹಾಕಲಿ, ಸಾಧ್ಯವಾದರೆ ಮನೆಯ ಇನ್ನೊಬ್ಬರ ಜೊತೆ ಕೂತು ಹಾಕಲಿ.

ಕ್ಷಮೆ ಮತ್ತು ಕೃತಜ್ಞತೆ: ಎಚ್ಚರ ಬೇಕಾದ ಎರಡು ಸೆಷನ್‌ಗಳು

ಇಡೀ ಕ್ರಮದಲ್ಲಿ ನಾಜೂಕಾಗಿ ನಿಭಾಯಿಸಬೇಕಾದದ್ದು ಕ್ಷಮೆಯ ಸೆಷನ್. ‘ನಿಮಗೆ ಅನ್ಯಾಯ ಮಾಡಿದವರನ್ನು ನೆನೆಸಿಕೊಳ್ಳಿ’ ಎಂದು ಆರಂಭಿಸಿದರೆ, ಪಕ್ಕದ ಮನೆಯವರು ಮಾಟ ಮಾಡಿಸಿದ್ದಾರೆಂದು ನಂಬಿರುವ ವ್ಯಕ್ತಿಗೆ ಆ ನಂಬಿಕೆಯನ್ನೇ ಇನ್ನಷ್ಟು ಆಳಕ್ಕೆ ಇಳಿಸಿದಂತಾಗುತ್ತದೆ. ಅವರು ಕ್ಷಮಿಸಿದರೂ ‘ಮಾಟ ಮಾಡಿದ್ದು ನಿಜ’ ಎಂದು ನಾವು ಮುದ್ರೆಯೊತ್ತಿದ ಹಾಗೆ. ಆದ್ದರಿಂದ ನಡೆದದ್ದು ಎಲ್ಲರಿಗೂ ಗೊತ್ತಿರುವ, ಈಗ ದೊಡ್ಡ ನೋವು ಕೊಡದ ಸಣ್ಣ ಮುನಿಸುಗಳಿಗೆ ಮಾತ್ರ ಈ ಅಭ್ಯಾಸವನ್ನು ಸೀಮಿತಗೊಳಿಸಿ. ಗೆಳೆಯ ಕೊಟ್ಟ ಮಾತಿನಂತೆ ಬರಲಿಲ್ಲ, ತಂಗಿ ಮೊಬೈಲ್ ಚಾರ್ಜರ್ ಕೇಳದೆ ತೆಗೆದುಕೊಂಡು ಹೋದಳು ಎಂಬಂಥವು. ಸಂಶಯದ ಸುಳಿವು ಯಾರಲ್ಲಿದೆ ಎಂಬುದನ್ನು ಸೆಷನ್‌ಗೆ ಮೊದಲೇ ಒಬ್ಬೊಬ್ಬರೊಂದಿಗೂ ಮಾತಾಡಿ ತಿಳಿದಿರಬೇಕು.

ನಿಜವಾದ ಅನ್ಯಾಯಗಳ ಮಾತೂ ಇದೆ. ಸರಪಳಿಯಲ್ಲಿ ಕಟ್ಟಿಹಾಕಿಸಿಕೊಂಡವರು, ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಸಿಕೊಂಡವರು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ನಮ್ಮ ಗುಂಪುಗಳಲ್ಲಿ ಇದ್ದೇ ಇರುತ್ತಾರೆ. ಅವರಿಂದ ಕ್ಷಮೆಯನ್ನು ನಿರೀಕ್ಷಿಸುವ ಹಕ್ಕು ನಮಗಿಲ್ಲ. ಕ್ಷಮಿಸುವುದಿಲ್ಲ ಎಂದು ತೀರ್ಮಾನಿಸುವುದೂ ಅವರ ಸ್ವಾತಂತ್ರ್ಯ ಎಂದು ಗುಂಪಿನ ಮುಂದೆ ಸ್ಪಷ್ಟವಾಗಿ ಹೇಳಿ, ಆ ನೋವಿಗೆ ಬೇರೆಯಾಗಿ, ಅದಕ್ಕೆ ತರಬೇತಿ ಪಡೆದವರ ಬಳಿ ಸಹಾಯ ಒದಗಿಸಬೇಕು. ಇದನ್ನೆಲ್ಲ ನಿಭಾಯಿಸುವ ಧೈರ್ಯ ನಿಮಗಿನ್ನೂ ಬಂದಿಲ್ಲವೆನಿಸಿದರೆ ಈ ಸೆಷನ್ ಅನ್ನು ಪೂರ್ತಿ ಬಿಟ್ಟುಬಿಡುವುದೇ ಸರಿ. ಉಳಿದವು ಇದಿಲ್ಲದೆಯೂ ನಡೆಯುತ್ತವೆ.

ಕೃತಜ್ಞತೆಯ ಪತ್ರ ಬರೆಸುವ ಅಭ್ಯಾಸಕ್ಕೂ ನಮ್ಮ ಮನೆಗಳಲ್ಲಿ ಒಂದು ತೊಡಕಿದೆ. ‘ನಿನಗಾಗಿ ಒಡವೆ ಅಡವಿಟ್ಟೆವು, ನಿನಗಾಗಿ ಊರು ಬಿಟ್ಟೆವು’ ಎಂಬ ಮಾತನ್ನು ದಿನವೂ ಕೇಳುತ್ತಿರುವ ಮಗನಿಗೆ ಕೃತಜ್ಞತೆ ಹೇಳು ಎನ್ನುವುದು, ತೀರಿಸಲಾಗದ ಸಾಲವನ್ನು ಮತ್ತೆ ನೆನಪಿಸಿದಂತೆ. ಅಂಥವರಿಗೆ ಮನೆಯ ಹೊರಗಿನವರನ್ನು ಸೂಚಿಸಿ: ಪಾಠ ಹೇಳಿದ ಮೇಷ್ಟ್ರು, ಮಾತ್ರೆಯ ಚೀಟಿ ಓದಿ ಹೇಳಿದ ಫಾರ್ಮಸಿಯ ಹುಡುಗ, ಬಸ್ ಹತ್ತಿಸಿದ ಆಶಾ ಕಾರ್ಯಕರ್ತೆ. ಬರೆದದ್ದನ್ನು ಕೊಡಲೇಬೇಕೆಂದಿಲ್ಲ. ಅಮ್ಮನಿಗೆ ಏನಾದರೂ ಹೇಳಬೇಕೆನಿಸಿದರೆ ಪತ್ರಕ್ಕಿಂತ ಒಂದು ಸಂಜೆ ತಾವೇ ಚಹಾ ಮಾಡಿ ಕೈಗೆ ಕೊಡುವುದು ಅನೇಕರಿಗೆ ಸುಲಭ.

ಮನೆಯವರ ಪಾತ್ರ ಮತ್ತು ಗೋಪ್ಯತೆ

ಸೆಷನ್ ಮುಗಿಯುತ್ತಲೇ ‘ಒಳಗೆ ಏನು ಹೇಳಿದ?’ ಎಂದು ಮನೆಯವರು ಕೇಳುವುದು ಸಹಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆ ಇರುವ ವ್ಯಕ್ತಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಪ್ರಾಣಾಪಾಯ ಅಥವಾ ಇತರರಿಗೆ ಹಾನಿಯಾಗುವ ಸಂಭವವಿದ್ದಾಗ, ಹಾಗೂ ಕಾಯ್ದೆಯೇ ಹೇಳಿರುವ ಇತರ ಕೆಲವು ಸಂದರ್ಭಗಳಲ್ಲಿ ಮಾತ್ರ ವಿಷಯ ಹೊರಗೆ ಹೋಗಬಹುದು. ಇದನ್ನು ವ್ಯಕ್ತಿಯ ಮತ್ತು ಮನೆಯವರ ಎದುರಿನಲ್ಲೇ ಮೊದಲ ದಿನ ವಿವರಿಸಿ. ಮನೆಯವರನ್ನು ದೂರವಿಡಬೇಕು ಎಂದಲ್ಲ. ಅವರಿಗೆ ಕಲಿಸಬೇಕಾದದ್ದು ಒಂದೇ ಕೌಶಲ: ಮಗಳು ಬಂದು ‘ಇವತ್ತು ನಾನೇ ಮಾರ್ಕೆಟ್‌ಗೆ ಹೋಗಿ ಸೊಪ್ಪು ತಂದೆ’ ಎಂದಾಗ ‘ಎಷ್ಟು ಕೊಟ್ಟೆ? ಬಾಡಿಹೋಗಿದೆಯಲ್ಲ’ ಎನ್ನದೆ, ‘ಹೌದಾ? ಯಾವ ಅಂಗಡಿಯಲ್ಲಿ ತಗೊಂಡೆ? ಜನ ಜಾಸ್ತಿ ಇದ್ದರಾ?’ ಎಂದು ಆಸಕ್ತಿಯಿಂದ ಎರಡು ಮಾತು ಕೇಳುವುದು. ಟೀಕೆ ಹೆಚ್ಚಿರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ದಶಕಗಳ ಸಂಶೋಧನೆಯಿಂದ ದೃಢಪಟ್ಟಿದೆ. ಆದರೂ ತಾಯಿಯನ್ನು ದೂಷಿಸುವ ಧಾಟಿಯಲ್ಲಿ ಇದನ್ನು ಹೇಳಬೇಡಿ. ಅವರ ಟೀಕೆಯ ಹಿಂದೆ ಇರುವುದು ಬಹುಪಾಲು ಆಯಾಸ ಮತ್ತು ಹೆದರಿಕೆ.

ಯಾವಾಗ ನಿಲ್ಲಿಸಬೇಕು

ನಿದ್ದೆ ಮೂರು ನಾಲ್ಕು ದಿನ ಸತತವಾಗಿ ಕೆಟ್ಟಿದ್ದರೆ, ಮಾತ್ರೆ ಬಿಟ್ಟಿರುವುದು ತಿಳಿದುಬಂದರೆ, ಗುಂಪಿನವರೇ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ಮಾತು ಬಂದರೆ, ಅಭ್ಯಾಸಗಳನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಸಂಪರ್ಕಿಸಿ. ಧ್ವನಿಗಳು ‘ಸಾಯಿ’ ಅಥವಾ ‘ಹೊಡೆ’ ಎಂದು ಆಜ್ಞೆ ಮಾಡುತ್ತಿವೆಯೇ ಎಂದು ಅನುಮಾನ ಬಂದಾಗ ನೇರವಾಗಿ ಕೇಳಿ. ಕೇಳಿದರೆ ಆ ಆಲೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಮನೆಗೆ ಕಳಿಸಬಾರದು. ಅದೇ ದಿನ ಆಸ್ಪತ್ರೆಗೆ ತಲುಪಿಸಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಮನೆಯವರಿಗೆ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಬ್ಬರ ಫೋನ್‌ನಲ್ಲಿ ಮೊದಲ ಸೆಷನ್ನಿನಲ್ಲೇ ಸೇವ್ ಮಾಡಿಸಿ.

ಅಳೆಯುವುದು ಮತ್ತು ಮುಗಿಸುವುದು

ಆರಂಭದಲ್ಲಿ ಮತ್ತು ಕೊನೆಯಲ್ಲಿ ನೆಮ್ಮದಿಯನ್ನು ಅಳೆದು ನೋಡುವುದು ಒಳ್ಳೆಯದು. ವಾರ್ವಿಕ್-ಎಡಿನ್‌ಬರೋ ಮಾಪಕದಲ್ಲಿ ಕಳೆದ ಎರಡು ವಾರಗಳ ಬಗ್ಗೆ 14 ಹೇಳಿಕೆಗಳಿದ್ದು, ಒಟ್ಟು ಅಂಕ 14ರಿಂದ 70ರವರೆಗೆ ಇರುತ್ತದೆ. ಅಂಕ ಏರದಿದ್ದರೆ ಬೇಸರಪಡಬೇಕಾಗಿಲ್ಲ, ವ್ಯಕ್ತಿಗೆ ಅದನ್ನು ಪರೀಕ್ಷೆಯ ಫಲಿತಾಂಶದಂತೆ ತೋರಿಸಲೂ ಬಾರದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚು ತಿಳಿಸಿಕೊಡುವುದು ಒಂದು ಸರಳ ಪ್ರಶ್ನೆ: ಈ ಹನ್ನೊಂದು ವಾರಗಳಲ್ಲಿ ಮಾಡಿದ್ದರಲ್ಲಿ ಮನೆಯಲ್ಲಿ ಈಗಲೂ ಉಳಿದಿರುವುದು ಯಾವುದು?

ಕೊನೆಯ ಸೆಷನ್ ಔತಣದಂತಿರಲಿ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಪಕ್ಕದಲ್ಲಿ ಕೂತವರಲ್ಲಿ ತಾವು ಕಂಡ ಒಂದು ಒಳ್ಳೆಯ ಗುಣವನ್ನು ಬರೆಸಿ, ಬರೆಯಲಾಗದವರ ಪರವಾಗಿ ನೀವು ಬರೆದು, ಅವುಗಳನ್ನು ಜೋರಾಗಿ ಓದಿಸಿ ಕೈಗೆ ಕೊಡಿ. ಅಂದೇ ಮುಂದಿನ ದಾರಿಯನ್ನೂ ಗೊತ್ತುಮಾಡಬೇಕು. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರ ಯಾವುದು, ಜಿಲ್ಲೆಯಲ್ಲಿ ಹಗಲು ಆರೈಕೆ ನೀಡುವ ಮಾನಸಧಾರ ಕೇಂದ್ರವಿದ್ದರೆ ಅಲ್ಲಿಗೆ ಹೋಗಲು ಯಾವ ಬಸ್ಸು, ಮಾತ್ರೆ ಎಷ್ಟು ದಿನಕ್ಕೆ ಇದೆ ಎಂಬುದನ್ನೆಲ್ಲ ಅದೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಡಿ. ಒಂದು ತಿಂಗಳ ನಂತರ ಇಡೀ ಗುಂಪು ಮತ್ತೊಮ್ಮೆ ಸೇರುವ ತಾರೀಖನ್ನು ಎಲ್ಲರ ಒಪ್ಪಿಗೆ ಪಡೆದು ನಿಗದಿಮಾಡಿ, ಅದಕ್ಕೆ ಎರಡು ದಿನ ಮೊದಲು ನೀವೇ ಫೋನ್ ಮಾಡಿ.